ಹರಕೆಯ ಹುಂಜಕ್ಕೆ ಹೆಸರಿಟ್ಟರು

ನೋಡ್ರಿ ಎಲ್ಲಾರೂ, ನಾಳೆ ಮೂರನೇ ತರಗತಿಯ ಮಕ್ಕಳಿಗೆ ಸಾಕಿದ ಹಕ್ಕಿಯ ಕಥೆ ಇದೆಯಂತೆ. ಓದುವ ಮೊದಲು ತಯಾರಿ ಆಗಲಿ ಎಂದು ಶಾಲೆಯ ಅಕ್ಕೋರು ಇಂದು ಮಕ್ಕಳನ್ನು ಕೇಳಿದ್ದಾರೆ, ಮನೆಯಲ್ಲಿ ಯಾವ ಹಕ್ಕಿ ಇದೆ, ಅದರ ಹೆಸರೇನು ಎಂದು. ನನ್ನ ಮೊಮ್ಮಗಳು "ನಮ್ಮನ್ಯಾಗ ಹುಂಜ ಐತ್ರಿ, ಹೆಸರಿಲ್ಲರಿ" ಎಂದಳಂತೆ.

"ಹಂಗಾದ್ರ ಇವತ್ತ ಒಂದ ಹೆಸರ ಇಟ್ಟ ಬಾ" ಎಂದರಂತೆ ಅಕ್ಕೋರು.

ನಿಪ್ಪಾಣಿಯಿಂದ ಬಸ್ಸಿಗೆ ಬರುವ ಅವರಿಗೇನು ಗೊತ್ತು? ಅದು ಊರ ದೇವಿಗೆ ಬಿಟ್ಟ ಹುಂಜ. ಮಳೆಗಾಲದಲ್ಲಿ ಇವಳು ಜ್ವರ ಬಂದು ಕಣ್ಣೇ ತೆರೆಯದಿದ್ದಾಗ ನಾನೇ ಹರಕೆ ಹೊತ್ತೆ. ಬರುವ ಮಂಗಳವಾರ ಕೊಯ್ದು ಎಡೆ ಮಾಡಬೇಕು. ಹರಕೆಯ ಹುಂಜಕ್ಕೆ ನಮ್ಮಲ್ಲಿ ಯಾರೂ ಹೆಸರಿಡುವುದಿಲ್ಲ. ಯಾಕೆಂದು ನಮ್ಮವ್ವ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇಂದು ತಿಳಿಯಿತು.

ಸಂಜೆ ಹುಡುಗಿ ಅಂಗಳದಲ್ಲಿ ಜೋಳ ಹಿಡಿದು "ರಾಜಾ, ಬಾ ರಾಜಾ" ಎಂದು ಕರೆಯುತ್ತಿದ್ದಳು. ಅದೂ ಓಡಿ ಬಂತು.

"ಲೇ ಹುಚ್ಚಿ, ಅದು ದೇವರದ. ಹೆಸರ ಇಡಬಾರದ" ಎಂದೆ.

"ಇಟ್ಟಾತಲ್ಲ ಆಯಿ. ಮಂಗಳವಾರ ಕೊಯ್ದ್ರ ನಾ ಅಕ್ಕೋರಿಗೆ ಏನ ಹೇಳ್ಲಿ?"

"ದೇವಿ ನಿನ್ನ ಉಳಿಸ್ಯಾಳವ್ವಾ."

"ಹಂಗಾದ್ರ ರಾಜಾನ್ನೂ ಉಳಸಂತ ಹೇಳ ಆಕಿಗೆ."

ದೇವಿಗೆ ಕೊಟ್ಟ ಮಾತು ತಪ್ಪುವಂತಿಲ್ಲ. ಮಂಗಳವಾರ ಹುಂಜ ಹಿಡಿದು ಗುಡಿಗೆ ಹೋಗಲೇಬೇಕು. ಇವಳು ರೊಟ್ಟಿ ಮುಟ್ಟದೆ ಹುಂಜವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ.

ಅಕ್ಕೋರೇ, ಮೊಮ್ಮಗಳ ತಯಾರಿ ಪೂರ್ತಿ ಆಗಿದೆ. ನನ್ನದೇ ಇನ್ನೂ ಆಗಿಲ್ಲ.