ಹೋಳಿಗೆ ಉಂಡ ಕೌದಿ

ನಮ್ಮ ಮನೆಯ ಕೌದಿಯೊಂದು ಹೋಳಿಗೆ ಉಂಡಿದೆ. ಉಣಿಸಿದವನು ನಾನೇ. ಮಸ್ಕಿಯ ನಮ್ಮ ಓಣಿ ಇದನ್ನು ನೆನೆದು ಇನ್ನೂ ನಗುತ್ತಿದೆ. ನೀವೂ ನಗಬಹುದು, ಆದರೆ ನನ್ನಂಥವನು ಸೂಜಿ ಹಿಡಿಯುವ ಮಟ್ಟಕ್ಕೆ ಏರಿದ್ದು ಹೇಗೆಂದು ಮೊದಲು ಕೇಳಿ.

ಎಲ್ಲರ ಕೈಗೂ ಫೋನು ಬಂದು ನನ್ನ ಫೋಟೊ ಸ್ಟುಡಿಯೊ ಕಡೆ ಯಾರೂ ಹಾಯದಂತಾದಾಗ ಶೆಟರ್ ಎಳೆದೆ. ಅದೇ ಹೊತ್ತಿಗೆ ಹೆಂಡತಿ ಶಾಂತಾಳಿಗೆ ಲಿಂಗಸುಗೂರಿನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹೋದ ವರ್ಷ ಯುಗಾದಿ ಮುಗಿಯುತ್ತಲೇ ಅವಳು ಬಸ್ಸು ಹತ್ತಿದಳು, ನಾನು ಒಲೆಯ ಮುಂದೆ ನಿಂತೆ. "ಮನಿ ಕಡೆ ಲಕ್ಷ್ಯ ಇರ್ಲಿರಿ" ಎಂದು ಹೇಳಿ ಹೋದಳು. ಮನೆ ಎದ್ದು ಎಲ್ಲಿಗೆ ಹೋದೀತು ಎಂದುಕೊಂಡಿದ್ದೆ. ಮಧ್ಯಾಹ್ನದೊಳಗೆ ಹಾಲು ಉಕ್ಕಿತು, ಬೇಳೆ ಸೀದಿತು, ನನ್ನ ಜಂಬವೂ ಇಳಿಯಿತು.

ಈ ಕೆಲಸಕ್ಕೆ ಕನ್ನಡದಲ್ಲಿ ಮನೆವಾರ್ತೆ ಎಂಬ ಚೆಂದದ ಹೆಸರಿದೆ. ಅವಳು ಮನೆವಾರ್ತೆ ನೋಡುತ್ತಿದ್ದಷ್ಟು ವರ್ಷವೂ ನಾನು ಪೇಪರಿನ ವಾರ್ತೆ ನೋಡುತ್ತ ಕುಳಿತಿದ್ದೆ. ಹಿಂದಿನವರಿಗೆ ವಾರ್ತೆ ಎಂದರೆ ಬರೀ ಸುದ್ದಿಯಲ್ಲವಂತೆ. ಒಕ್ಕಲುತನ, ದನಕರು, ವ್ಯಾಪಾರ ನೋಡಿಕೊಂಡು ಬದುಕುವ ವಿದ್ಯೆಗೇ ಆ ಹೆಸರಂತೆ. ಆ ವಿದ್ಯೆಯಲ್ಲಿ ನಾನಿನ್ನೂ ಓನಾಮದಲ್ಲಿದ್ದೆ. ನಾನು ಬಡಿದ ಜೋಳದ ರೊಟ್ಟಿ ಹೆಂಚು ಸೇರುವ ಮೊದಲೇ ಹರಿಯುತ್ತಿತ್ತು. "ಉಣ್ಣೂಮುಂದ ಹರಕೊಂಡs ಉಣ್ಣಬೇಕಲ್ರಿ, ಅಷ್ಟು ಕೆಲಸ ಕಡಿಮಿ ಆತು" ಎಂದು ಶಾಂತಾ ಅದನ್ನೇ ತಿಂದು ಬಸ್ಸಿಗೆ ಓಡುತ್ತಿದ್ದಳು. ಆ ಮಾತಿಗೆ ನಾನು ಇಂದಿಗೂ ಋಣಿ.

ಆಮೇಲೆ ಕೈ ಹಿತ್ತಲಿಗೂ ಚಾಚಿತು. ಹೀರೆ ಬಳ್ಳಿಗೆ ಚಪ್ಪರ ಹಾಕಿಕೊಟ್ಟರೆ ಅದು ಬಟ್ಟೆ ಒಣಗಿಸುವ ಹಗ್ಗವನ್ನೇ ಮೆಚ್ಚಿತು. ನನ್ನ ಅಂಗಿಗಳ ನಡುವೆ ಕಾಯಿ ಜೋತಾಡಿದವು. ಚಳಿಗಾಲದಲ್ಲಿ ಬಿಳಿಜೋಳದ ಹೊಲಗಳಿಗೆ ಹೋಗಿ ಹತ್ತರಕಿ ಸೊಪ್ಪು ಆರಿಸಿ ತರಲು ಕಲಿತೆ. ಮೊದಲ ದಿನ ತಂದ ಚೀಲ ನೋಡಿ ಪಕ್ಕದ ಮನೆಯ ಮಹಬೂಬಿ, "ಅಣ್ಣಾ, ಇದನ್ನ ನಮ್ಮ ಆಡು ಸೈತ ಮೂಸಂಗಿಲ್ರಿ" ಎಂದು ತಾನೇ ಬಂದು ಸರಿಯಾದದ್ದನ್ನು ತೋರಿಸಿದಳು. ತುರ್ವಿಹಾಳದ ಕಾಲುವೆ ದಂಡೆಯಲ್ಲಿ ಹೊನಗೊನೆ ಸೊಪ್ಪು ಸಿಗುತ್ತಿತ್ತು. ಬಿತ್ತದೆ, ಕೇಳದೆ ನೆಲ ಇಷ್ಟೆಲ್ಲ ಕೊಡುತ್ತಿದ್ದಾಗ ನಾನು ಅದರ ಮೇಲೆ ಚಪ್ಪಲಿ ಇಟ್ಟು ನಡೆದಿದ್ದೆ.

ಚಳಿ ಹೆಚ್ಚಾದಾಗ ಶಾಂತಾ ಟ್ರಂಕಿನಿಂದ ನೂಲಿನ ಮೂರು ಸೀರೆ ತೆಗೆದು ನನ್ನ ಮುಂದಿಟ್ಟಳು. ತೀರಿಹೋದ ಅವಳ ತಾಯಿಯವು.

"ಅವ್ವಂದು ಇಷ್ಟs ಉಳದೈತಿ. ಕೌದಿ ಹೊಲದು ಕೊಡ್ತೀರೇನು? ಕತ್ರಿ ಹಚ್ಚಾಕ ನನಗ ಕೈ ಬರವಲ್ದು."

ರೊಟ್ಟಿ ಹರಿದರೆ ಇನ್ನೊಂದು ಬಡಿಯಬಹುದು; ಇವು ಕೆಟ್ಟರೆ ಯಾವ ಸಂತೆಯಲ್ಲಿ ಹುಡುಕಲಿ? ನನ್ನ ಅತ್ತೆ ಬದುಕಿರುವ ತನಕ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ಅಳಿಯನೆಂದರೆ ಅಷ್ಟು ಮರ್ಯಾದೆ. ಸೆರಗು ಮುಂದೆಳೆದುಕೊಂಡು ಬಾಗಿಲ ಹಿಂದೆ ನಿಂತು ಮಗಳಿಗೆ ಹೇಳುತ್ತಿದ್ದರು: "ಅಳಿಯಂದ್ರಿಗೆ ಹೊಟ್ಟಿ ತುಂಬಿತೇನು ಕೇಳವಾ." ನಾನೂ ಮಗಳ ಕಡೆಗೇ ತಲೆಯಾಡಿಸುತ್ತಿದ್ದೆ. ನಮ್ಮಿಬ್ಬರ ಸಂಭಾಷಣೆ ಅಷ್ಟರಲ್ಲೇ ಮುಗಿಯುತ್ತಿತ್ತು.

ಸೀರೆಯ ಮೇಲೆ ಸೀರೆ ಹಾಸಿ ದಾರ ಓಡಿಸುತ್ತ ಹೋದೆ. ಕೌದಿ ಮುಗಿಯಲು ಬಂದದ್ದು ಈ ವರ್ಷದ ಯುಗಾದಿಗೆ. ಹಬ್ಬದ ಮರುದಿನ ಹೊಲಿಯಲು ಉಳಿದದ್ದು ಕೌದಿಯ ಹೊಟ್ಟೆ ಮಾತ್ರ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಗಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ನಡುವೆ ಸಣ್ಣ ಚೀಲದಷ್ಟು ಜಾಗ ಬಿಟ್ಟು, ಅದರಲ್ಲಿ ತಿನ್ನುವುದೇನಾದರೂ ಇಟ್ಟು ಹೊಲಿಯಬೇಕು. ಏನಿಡಬೇಕೆಂದು ಶಾಂತಾಳಿಗೆ ಫೋನು ಮಾಡಿದೆ. ಅವಳು ಬಸ್ಸಿನಲ್ಲಿದ್ದಳು. "ನಾಕು ಕಾಳು ಜ್ವಾಳ ಇಟ್ಟು ಹೊಲಿಗಿ ಹಾಕ್ರಿ" ಎಂದಳಂತೆ. ಬಸ್ಸಿನ ಹಾರ್ನು ಜ್ವಾಳವನ್ನು ನುಂಗಿತು, ನನ್ನ ಕಿವಿಗೆ ಬಿದ್ದದ್ದು "ಹೋಳಗಿ ಹಾಕ್ರಿ." ಅಡುಗೆಮನೆಯಲ್ಲಿ ಹಬ್ಬದ ಹೋಳಿಗೆ ಮಿಕ್ಕಿತ್ತು. ಅತ್ತೆಯ ಸೀರೆಗೆ ಕಡಿಮೆ ಮಾಡುವುದೇ ಎಂದು ಇಡೀ ಒಂದನ್ನು ಮಡಚಿ ಇಟ್ಟು ಹೊಲಿದೆ. ತುಪ್ಪ ಹಚ್ಚಲಿಲ್ಲ ಎಂಬುದೊಂದೇ ನಾನು ತೋರಿದ ವಿವೇಕ.

ಮೊದಲು ಇರುವೆ ಬಂದವು, ಹಿಂದೆಯೇ ಇಲಿ. ಕೌದಿ ಬಿಡಿಸಿ ನೋಡಿದರೆ ಹಸಿರು ಸೀರೆಯ ನಡುವೆ ಅಂಗೈಯಗಲ ತೂತು. ಶಾಂತಾ ಅದರೊಳಗೆ ಬೆರಳಾಡಿಸಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅವಳೆದ್ದು ಒಳಗೆ ಹೋದಳು. ನಾನು ಸ್ಟುಡಿಯೊದಲ್ಲಿ ತೊಡುತ್ತಿದ್ದ ಹಳೆಯ ಗೀರಿನ ಅಂಗಿ ತಂದು, ಕೈ ಬಾರದೆಂದಿದ್ದವಳೇ ಕತ್ತರಿ ಹಿಡಿದು ಒಂದು ತುಂಡು ಕತ್ತರಿಸಿದಳು. ಹೊಟ್ಟೆಗೆ ನಾಲ್ಕು ಕಾಳು ಜೋಳ ಹಾಕಿ, ತೂತಿನ ಮೇಲೆ ಆ ತುಂಡು ಇಟ್ಟು ಹೊಲಿಯತೊಡಗಿದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ತಡೆದಿದ್ದಳು.

"ನಮ್ಮವ್ವ ನಿಮ್ಮ ಮುಂದ ಒಂದಿನ ಸೆರಗು ಸರಿಸಲಿಲ್ಲ. ಈಗ ನೋಡ್ರಿ, ಅಳಿಯನ ಅಂಗಿಗೂ ಜಾಗ ಕೊಟ್ಟಾಳ."

ಈಗ ಮತ್ತೆ ಚಳಿಗಾಲ. ಮೊನ್ನೆ ಭಾನುವಾರ ಮಧ್ಯಾಹ್ನ ಉಂಡು ಆ ಕೌದಿಯ ಮೇಲೆ ಅಡ್ಡಾಗಿದ್ದೆ. ಹತ್ತರಕಿ, ಕೆಂಪು ಚಟ್ನಿ, ಈಗ ಹರಿಯದಂತೆ ಬಡಿಯಲು ಬರುವ ನನ್ನದೇ ರೊಟ್ಟಿ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಶಾಂತಾ ಥೇಟ್ ತಾಯಿಯ ದನಿ ತೆಗೆದಳು: "ಅಳಿಯಂದ್ರಿಗೆ ಹೊಟ್ಟಿ ತುಂಬಿತೇನು ಕೇಳವಾ."

ಅವಳ ಕಡೆ ತಲೆಯಾಡಿಸಲು ಹೋದವನು ತಡೆದೆ. ಅಂಗಿಯ ತುಂಡಿನ ಸುತ್ತಲಿನ ಹಸಿರು ಸೀರೆಯ ಮೇಲೆ ಕೈಯಿಟ್ಟು, ಮೊದಲ ಸಲ ನೇರವಾಗಿ ಹೇಳಿದೆ:

"ತುಂಬೈತ್ರೀ ಅತ್ತಿ."