ಟೊಳ್ಳು ದಿಮ್ಮಿ

ದುಬೈಯ ಮನರಂಜನಾ ಪಾರ್ಕೊಂದರಲ್ಲಿ ಮರದ ದಿಮ್ಮಿಯಂತೆ ಬಣ್ಣ ಬಳಿದ ದೋಣಿಗೆ ಹತ್ತುವ ಮೊದಲು, ಊರಿನಿಂದ ಬಂದಿದ್ದ ನನ್ನ ಸೋದರಮಾವ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಹರೆಯದಲ್ಲಿ ಅವರು ಘಟ್ಟದ ಹೊಳೆಗೆ ಕಟ್ಟೆ ಕಟ್ಟಿ, ನೀರು ತುಂಬಿದ ಮೇಲೆ ಅದನ್ನು ಒಡೆದು ದಿಮ್ಮಿಗಳನ್ನು ಕೆಳಕ್ಕೆ ಬಿಡುತ್ತಿದ್ದವರು.

"ಟೊಳ್ಳು ಮಾರಾಯ. ಇಂಥದ್ದನ್ನು ನಾವು ನೀರಿಗೆ ಬಿಡ್ತಿರ್ಲಿಲ್ಲ. ಸೀಳಿ ಹೋಗ್ತದೆ."

ನಾನು ನಕ್ಕೆ. "ಯಲ್ಲಾ, ಯಲ್ಲಾ" ಎಂದು ಅರಬಿಯಲ್ಲಿ ಅವಸರಿಸುತ್ತ ಕೆಲಸದವನು ನಮ್ಮ ತೊಡೆಯ ಮೇಲೆ ಕಂಬಿ ಬಿಗಿದ. ದೋಣಿ ಹಳಿಯ ಮೇಲೆ ಕಟಕಟನೆ ಎತ್ತರಕ್ಕೆ ಏರತೊಡಗಿದಾಗ ನನ್ನ ನಗು ಆರಿತು. ತುದಿಯಲ್ಲಿ ಅದು ಒಂದು ಕ್ಷಣ ನಿಂತಿತು. ಕೆಳಗೆ, ನಾವು ಬೀಳುವ ನೀರಿನ ಎದುರಿಗೇ, ನನ್ನ ಮಗಳು ಫೋಟೊ ತೆಗೆಯಲು ನಿಂತಿದ್ದಳು.

ಮಾವ ಕಂಬಿ ಬಿಟ್ಟು, ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದರು: "ದಿಮ್ಮಿ ಬಂತು! ಬದಿಗೆ ಹೋಗಿ!"

ಅವಳು ನಗುತ್ತ ಕೈಬೀಸಿದಳು.

"ಓಡು ಮಗಾ, ಓಡು!" ಎಂದು ಕಿರುಚಿದವನು ನಾನು.