ಬುಟ್ಟಿಯೊಳಗಿನ ಗದ್ದೆಗೊರವ

ಕಳೆದ ಸಂಕ್ರಾಂತಿಯ ಮಾರನೇ ವಾರ. ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದೆ, ಕೊಟ್ಟಿಗೆ ಬಾಚಿದೆ, ಅವರೆಕಾಳು ನೆನೆಹಾಕಿದೆ, ಅತ್ತೆಯ ಎರಡು ಸೀರೆ ಒಗೆದೆ. ಎರಡು ವರ್ಷದಿಂದ ಅತ್ತೆಯ ತಲೆ ಸಣ್ಣಗೆ ಅಲ್ಲಾಡುತ್ತದೆ. ಡಾಕ್ಟರು ಭಯವಿಲ್ಲ ಅಂದಿದ್ದರೂ ನಾನು ಅವರನ್ನು ಯಾವ ಕೆಲಸಕ್ಕೂ ಬಿಡುತ್ತಿರಲಿಲ್ಲ.

ಬೂದಿಕೋಟೆ ಹತ್ತಿರದ ನಮ್ಮೂರ ಕೆರೆ ಕಡೆ ಹೋಗಿದ್ದ ಅತ್ತೆ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದರು. ಮೀನಿನ ಬಲೆಗೆ ಸಿಕ್ಕಿಕೊಂಡಿದ್ದ ಹಕ್ಕಿ. ಕಂದು ಬೆನ್ನು, ಬಿಳಿ ಹೊಟ್ಟೆ, ಉದ್ದ ಕೊಕ್ಕು. ಬುಟ್ಟಿಯಡಿ ಬಿಟ್ಟರೆ ನಿಂತಿತು, ಆದರೆ ಹಿಂಭಾಗ ಮೇಲೆ ಕೆಳಗೆ ಅಲ್ಲಾಡುತ್ತಲೇ ಇತ್ತು.

“ಚಳಿಜ್ವರ ಕಣೇ. ಎಳೇ ಕರೂಗೂ ಇಂಗೇ ಬತ್ತದೆ.”

ಅತ್ತೆ ಕರುವಿಗೆ ಮಾಡುವ ಆರೈಕೆಯನ್ನೇ ಶುರುಮಾಡಿದರು. ಬುಟ್ಟಿಗೆ ಗೋಣಿಚೀಲ ಹೊದಿಸಿ ನೀರೊಲೆ ಪಕ್ಕ ಇಟ್ಟರು, ರಾಗಿ ಅಂಬಲಿ ತೊಟ್ಟಿಕ್ಕಿಸಿದರು. ಹಕ್ಕಿ ಕೊಕ್ಕು ತೆರೆಯಲಿಲ್ಲ. ಮಧ್ಯಾಹ್ನಕ್ಕೆ ಕಣ್ಣು ಮುಚ್ಚತೊಡಗಿತು. ಅತ್ತೆ ಊಟಕ್ಕೇ ಏಳಲಿಲ್ಲ. “ನನ್ ಕೈಯಾಗೇ ಓಗ್ಬುಡ್ತದೇನೋ,” ಅಂದರು.

ಬಂಗಾರಪೇಟೆಯಲ್ಲಿರುವ ನನ್ನ ತಂಗಿಗೆ ಹಕ್ಕಿಗಳ ಹುಚ್ಚು. ಗೋಣಿ ಸರಿಸಿ ವಿಡಿಯೊ ಮಾಡಿ ಕಳಿಸಿದೆ. ತಕ್ಷಣ ಫೋನ್ ಬಂತು.

“ಅಕ್ಕಾ, ಹೊಟ್ಟೆ ಬಿಳುಪು ಭುಜದ ಮುಂದೆ ಮೇಲಕ್ಕೆ ಚಾಚಿದೆಯಾ ನೋಡು.”

ಚಾಚಿತ್ತು.

“ಹಂಗಾದ್ರೆ ಗದ್ದೆಗೊರವ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯೋಕೆ ಬರುತ್ತೆ. ಜ್ವರಾನೂ ಇಲ್ಲ, ಮಣ್ಣೂ ಇಲ್ಲ. ಬಾಲ ಕುಣಿಸೋದು ಅದರ ಹುಟ್ಟುಗುಣ. ಕೆಸರಲ್ಲಿ ಹುಳ ಹೆಕ್ಕೋ ಹಕ್ಕಿಗೆ ಅಂಬಲಿ ಕೊಡ್ತಾರಾ? ಮೊದ್ಲು ಕೆರೆಗೆ ಬಿಡ್ರೇ!”

ಹಕ್ಕಿಯನ್ನು ಬುಟ್ಟಿಯೊಳಗಿಟ್ಟುಕೊಂಡು ನಡೆದೆವು. ಅತ್ತೆ ನನಗಿಂತ ಮುಂದೆ. ಕೆಸರಂಚಿನಲ್ಲಿ ಇಳಿಸಿದಾಗ ಹಕ್ಕಿ ಮುದುರಿ ಕೂತೇ ಇತ್ತು. ಆಮೇಲೆ ಎದ್ದಿತು, ಬಾಲ ಕುಣಿಸಿತು, ಕೆಸರಿಗೆ ಕೊಕ್ಕು ಹಾಕಿತು. ಇದ್ದಕ್ಕಿದ್ದಂತೆ ಟೀ ಟೀ ಅನ್ನುತ್ತಾ ನೀರಿಗೆ ತಾಗುವಷ್ಟು ಕೆಳಗೆ ಹಾರಿ ಆಚೆ ದಡ ಸೇರಿತು.

ಅತ್ತೆ ಕಣ್ಣೊರೆಸಿಕೊಂಡು ನಕ್ಕರು. “ಪಾಪ, ಅದರ ಪಾಡಿಗೆ ಅದು ಚೆನ್ನಾಗೇ ಇತ್ತು. ನೀನೂ ಅಂಗೇಯಾ, ನನ್ ತಲೆ ಅಲ್ಲಾಡ್ತದೆ ಅಂತ ನಂಗೂ ಬುಟ್ಟಿ ಮುಚ್ಚಿದ್ದೀಯ.”

ಬುಟ್ಟಿ ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆ ನಡೆದೆ. ಈಗಲೂ ಕೆರೆಯಂಚಿನಲ್ಲಿ ಬಾಲ ಕುಣಿಸುವ ಹಕ್ಕಿ ಕಂಡರೆ ಆ ಮಾತೇ ಕಿವಿಯಲ್ಲಿ.

ಆ ಸಂಜೆ ನೆನೆದ ಅವರೆಕಾಳಿನ ಪಾತ್ರೆಯನ್ನು ನಾನೇ ಅವರ ಮುಂದಿಟ್ಟೆ. ತಲೆ ಅಲ್ಲಾಡುತ್ತಿದ್ದರೂ ಬೆರಳು ಒಂದು ಕಾಳನ್ನೂ ಬಿಡದೆ ಸಿಪ್ಪೆ ಹಿತುಕಿದವು. ರಾತ್ರಿ ಮುದ್ದೆ, ಹಿತಕಿದ ಬೇಳೆ ಸಾರು. ಅತ್ತೆ ಇನ್ನೊಂದು ಸೌಟು ಹಾಕಿಸಿಕೊಂಡು ಉಂಡರು, ಎಲ್ಲರಿಗಿಂತ ಮೊದಲು ಮಲಗಿದರು. ದೀಪ ಆರಿಸುವ ಮುಂಚೆ ನೋಡಿದೆ. ನಿದ್ದೆಯಲ್ಲಿ ತಲೆ ಅಲ್ಲಾಡುತ್ತಿರಲಿಲ್ಲ.